ರೊಟ್ಟಿಯ ರುಚಿಯನ್ನು ಅಳೆಯುವುದು ಹೇಗೆ?

ಮಕ್ಕಳೇ, ಊಟಕ್ಕೆ ಕುಳಿತಾಗ “ಇವತ್ತ ರೊಟ್ಟಿ ಭಾಳ ಛಲೋ ಆಗ್ಯಾವ” ಎಂದು ನೀವು ಎಷ್ಟೋ ಸಲ ಹೇಳಿರುತ್ತೀರಿ. ಛಲೋ ಎಂದರೆ ಏನು? ಮೆತ್ತಗಿವೆಯೇ? ಸಿಹಿಯಾಗಿವೆಯೇ? ಪರಿಮಳ ಹಿತವಾಗಿದೆಯೇ? ಉದ್ದ ಅಳೆಯಲು ಅಳತೆಪಟ್ಟಿ ಇದೆ, ತೂಕಕ್ಕೆ ತಕ್ಕಡಿ ಇದೆ. ರುಚಿಗೆ ಮಾತ್ರ ಮನುಷ್ಯರ ಇಂದ್ರಿಯಗಳೇ ಮುಖ್ಯ ಉಪಕರಣ. ಕಡಕ್ ರೊಟ್ಟಿ ಮುರಿಯುವ ಸದ್ದು ಕೇಳಲು ಕಿವಿಯೂ ಬೇಕು!

ಈ ಅಳತೆ ಏಕೆ ಬೇಕು? ಚೌಡಾಪುರದ ಸುತ್ತಲಿನ ಕಪ್ಪು ಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತಾರೆ. ‘ಮಾಲದಂಡಿ’ ಇದರ ಹಳೆಯ ತಳಿ. ಹೆಚ್ಚು ಇಳುವರಿಯ ತಳಿಗಳು ಬಂದರೂ ಅನೇಕ ರೈತರು ಇದನ್ನು ಬಿಟ್ಟಿಲ್ಲ. ಇದರ ರೊಟ್ಟಿ ರುಚಿ, ಮೇವೂ ಒಳ್ಳೆಯದು. ಹೊಸ ತಳಿ ರೂಪಿಸುವ ವಿಜ್ಞಾನಿಗೆ “ನಿಮ್ಮ ಜೋಳದ ರೊಟ್ಟಿ ಚೆನ್ನಾಗಿಲ್ಲ” ಎಂದಷ್ಟೇ ಹೇಳಿದರೆ ಏನನ್ನು ಸರಿಪಡಿಸಬೇಕೆಂದು ಹೇಗೆ ತಿಳಿಯಬೇಕು? ಇದಕ್ಕಾಗಿ ಮೂರು ಬಗೆಯ ಪರೀಕ್ಷೆಗಳಿವೆ.

ಒಂದು: ವ್ಯತ್ಯಾಸ ಇದೆಯೇ?
ಮೂರು ತುಣುಕು ರೊಟ್ಟಿ ಕೊಡುತ್ತಾರೆ. ಎರಡು ಒಂದೇ ಬಗೆ, ಒಂದು ಬೇರೆ. ಬೇರೆಯದನ್ನು ಗುರುತಿಸಬೇಕು. ಇದು ತ್ರಿಕೋನ ಪರೀಕ್ಷೆ. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗಬಹುದು. ಆದ್ದರಿಂದ 12 ಜನರಲ್ಲಿ 4 ಜನ ಸರಿಯಾಗಿ ಹೇಳಿದರೆ ಏನೂ ಸಾಬೀತಾಗದು. 8 ಅಥವಾ ಹೆಚ್ಚು ಜನ ಹೇಳಿದರೆ ವ್ಯತ್ಯಾಸವಿದೆ ಎಂದು ನಂಬಬಹುದು. ಆದರೆ ಆ ವ್ಯತ್ಯಾಸ ಎಂಥದು ಎಂದು ಈ ಪರೀಕ್ಷೆ ಹೇಳುವುದಿಲ್ಲ.

ಎರಡು: ಎಷ್ಟು ಇಷ್ಟ?
‘ಬಹಳ ಇಷ್ಟ’ಕ್ಕೆ 9, ‘ಸ್ವಲ್ಪವೂ ಇಷ್ಟವಿಲ್ಲ’ಕ್ಕೆ 1 ಅಂಕ. ಅಮೆರಿಕದ ಸೈನಿಕರ ಆಹಾರಕ್ಕಾಗಿ ಸುಮಾರು 1950ರ ಹೊತ್ತಿಗೆ ರೂಪಿಸಿದ ಈ ವಿಧಾನ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಇದರಲ್ಲೂ ಒಂದು ತೊಡಕಿದೆ. ಒಂದು ರೊಟ್ಟಿಗೆ ಹತ್ತು ಜನರೂ 6 ಅಂಕ ಕೊಟ್ಟರು. ಇನ್ನೊಂದಕ್ಕೆ ಐವರು 9, ಐವರು 3 ಕೊಟ್ಟರು. ಎರಡರ ಸರಾಸರಿಯೂ 6! ಆದರೆ ಎರಡೂ ಒಂದೇ ಎನ್ನಲಾದೀತೇ?

ಮೂರು: ಹೇಗಿದೆ?
ಇದು ವರ್ಣನೆಯ ವಿಧಾನ. ಇಲ್ಲಿ ಇಷ್ಟಾನಿಷ್ಟ ಕೇಳುವುದಿಲ್ಲ. ತರಬೇತಿ ಪಡೆದ ಕೆಲವರು ಮೊದಲು ಪದಗಳನ್ನು ಗೊತ್ತುಮಾಡುತ್ತಾರೆ: ಮೆತ್ತಗಿರುವಿಕೆ, ಜಿಗಿ, ಸಿಹಿ, ಒಗರು, ಕಮಟು ವಾಸನೆ. ಪ್ರತಿ ಪದಕ್ಕೂ ಎಲ್ಲರೂ ಒಂದೇ ಅರ್ಥ ಒಪ್ಪಿಕೊಳ್ಳಬೇಕು. ಆಮೇಲೆ ಅಂಕ ಕೊಡುವಲ್ಲಿ ಎರಡು ದಾರಿಗಳಿವೆ. ಒಟ್ಟಿಗೆ ಕುಳಿತು ಚರ್ಚಿಸಿ ಒಂದೇ ಅಂಕಕ್ಕೆ ಬರುವುದು ಒಂದು. ಇದು ಬೇಗ ಮುಗಿಯುತ್ತದೆ, ಆದರೆ ಜೋರಾಗಿ ಮಾತನಾಡುವವರ ಅಭಿಪ್ರಾಯವೇ ಗೆಲ್ಲಬಹುದು. ಪ್ರತಿಯೊಬ್ಬರೂ ಬೇರೆ ಬೇರೆ ಕುಳಿತು, ಗೆರೆಯ ಮೇಲೆ ಗುರುತು ಹಾಕುವುದು ಇನ್ನೊಂದು. ಇದಕ್ಕೆ ಸಮಯ ಹೆಚ್ಚು, ಆದರೆ ಯಾರ ಮೇಲೂ ಯಾರ ಪ್ರಭಾವವೂ ಬೀಳದು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ.

ಹಾಗಾದರೆ ಯಾವ ವಿಧಾನ ಉತ್ತಮ? ಅದು ನಮ್ಮ ಪ್ರಶ್ನೆಯನ್ನು ಅವಲಂಬಿಸಿದೆ. ಹೊಸ ಜೋಳ ಜನರಿಗೆ ಒಪ್ಪಿಗೆಯಾಗುತ್ತದೆಯೇ ಎಂದು ತಿಳಿಯಲು ಎರಡನೆಯದು ಬೇಕು. ಒಪ್ಪಿಗೆಯಾಗದಿದ್ದರೆ ಅದರಲ್ಲಿ ಏನು ಕೊರತೆ ಎಂದು ತಿಳಿಯಲು ಮೂರನೆಯದು ಬೇಕು. “ಜಿಗಿ ಕಡಿಮೆ, ರೊಟ್ಟಿ ಬೇಗ ಬಿರುಸಾಗುತ್ತದೆ” ಎಂಬ ಮಾತು ವಿಜ್ಞಾನಿಗೂ ರೈತನಿಗೂ ಉಪಯೋಗಕ್ಕೆ ಬರುತ್ತದೆ.

ನೀವೇ ಮಾಡಿ ನೋಡಿ
ಒಂದೇ ಜೋಳದ ಹೊಸ ಹಿಟ್ಟಿನಿಂದ ಮತ್ತು ಕೆಲವು ದಿನ ಇಟ್ಟ ಹಿಟ್ಟಿನಿಂದ ರೊಟ್ಟಿ ಮಾಡಿಕೊಡಲು ಮನೆಯಲ್ಲಿ ಕೇಳಿ. ಶಿಕ್ಷಕರ ಸಹಾಯದಿಂದ 12 ಗೆಳೆಯರಿಗೆ ತ್ರಿಕೋನ ಪರೀಕ್ಷೆ ಮಾಡಿ. ತಟ್ಟೆಗಳಿಗೆ 417, 862, 395 ಎಂಬಂಥ ಸಂಖ್ಯೆ ಬರೆಯಿರಿ. 1, 2, 3 ಎಂದು ಬರೆದರೆ ಮೊದಲನೆಯದೇ ಉತ್ತಮ ಎನಿಸಬಹುದು. ತುಣುಕುಗಳ ನಡುವೆ ನೀರು ಕುಡಿಯಲಿ. ಯಾರೂ ಮಾತನಾಡಬಾರದು.

ಕೊನೆಗೆ, ರೊಟ್ಟಿ ಬಡಿಯುವ ಅವ್ವ, ಅಜ್ಜಿಯರನ್ನು ಕೇಳಿ ರೊಟ್ಟಿಯ ಗುಣ ಹೇಳುವ ಹತ್ತು ಪದ ಬರೆದುಕೊಳ್ಳಿ. ‘ಛಲೋ’ ಮತ್ತು ‘ಕೆಟ್ಟ’ ಎಂಬ ಎರಡು ಪದಗಳನ್ನು ಮಾತ್ರ ಬಳಸಬಾರದು!