ಬಳೆಯಲ್ಲಿ ತೂಗುವ ಪಾಣಿಪಂಚೆ

ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ಸರಿಯಾಗಿ ಕೈ ಒದ್ದೆಯಾಗಿರುತ್ತದೆ. ಕೈ ಒರೆಸುವ ಬಟ್ಟೆ ಮಾತ್ರ ಇರಬೇಕಾದಲ್ಲಿ ಇರುವುದಿಲ್ಲ. ಅಡುಗೆಕಟ್ಟೆಯ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿರುತ್ತದೆ, ಇಲ್ಲವೇ ಯಾರೋ ಅದನ್ನೇ ಮಸಿಬಟ್ಟೆ ಮಾಡಿಕೊಂಡು ಹಾಲಿನ ಪಾತ್ರೆ ಇಳಿಸಿರುತ್ತಾರೆ. ಕೊನೆಗೆ ಸೆರಗೋ ನೈಟಿಯೋ ಆ ಕೆಲಸಕ್ಕೆ ಒದಗುತ್ತದೆ. ನಮ್ಮನೆಯಲ್ಲಿ ಈ ಹುಡುಕಾಟ ನಿಂತು ಎರಡು ವರ್ಷವಾಯಿತು. ಸಿಂಕಿನ ಪಕ್ಕದ ಕಪಾಟಿನ ಹಿಡಿಯನ್ನು ಒಂದು ಕ್ರೋಶಾ ಪಟ್ಟಿ ಬಳಸಿಕೊಂಡು, ಗುಂಡಿ ಹಾಕಿಕೊಂಡು ಕೂತಿದೆ. ಪಟ್ಟಿಯ ತುದಿಗೆ ದಾರ ಸುತ್ತಿದ ಬಳೆ, ಬಳೆಯೊಳಗಿಂದ ಇಳಿಬಿದ್ದ ಪಾಣಿಪಂಚೆ. ಪಟ್ಟಿಯ ಮೈತುಂಬ ನೆನೆಸಿದ ಕಡಲೆಕಾಳಿನಂಥ ಉಬ್ಬುಗಳು. ಮನೆಗೆ ಬಂದವರು ಕೈ ಒರೆಸುವುದಕ್ಕಿಂತ ಮೊದಲು ಆ ಉಬ್ಬುಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ.

ಅಮೆರಿಕದ ಅಡುಗೆಮನೆಗಳಲ್ಲಿ ಇದು ಬಹಳ ಹಳೆಯ ಪರಿಚಯ. ಅಲ್ಲಿ ಒಲೆಯ ಕೆಳಗೇ ಓವನ್ ಇರುತ್ತದೆ, ಓವನ್ನಿನ ಬಾಗಿಲಿಗೆ ಅಡ್ಡಲಾಗಿ ಉದ್ದನೆಯ ಹಿಡಿ. ಟವೆಲ್ಲಿನ ನೆತ್ತಿಗೆ ಕ್ರೋಶಾದಲ್ಲಿ ಒಂದು ಪಟ್ಟಿ ಹೆಣೆದು, ಆ ಹಿಡಿಯ ಸುತ್ತ ಹಾಯಿಸಿ ಗುಂಡಿ ಹಾಕಿದರೆ ಟವೆಲ್ಲು ಜಾರುವುದಿಲ್ಲ. ನಮ್ಮಲ್ಲಿ ಓವನ್ ಇದ್ದವರೂ ಅದನ್ನು ಕಟ್ಟೆಯ ಮೇಲೆ ಪೆಟ್ಟಿಗೆಯಂತೆ ಇಟ್ಟಿರುತ್ತಾರೆ. ಎಷ್ಟೋ ಹೊಸ ಫ್ರಿಜ್ಜುಗಳಿಗೆ ಹೊರಗೆ ಕಾಣುವ ಹಿಡಿಯೇ ಇಲ್ಲ. ಕಪಾಟಿನ ಹಿಡಿ, ಕಿಟಕಿಯ ಸರಳು, ಗೋಡೆಯ ಮೊಳೆ ನಮಗೆ ಸಾಕು.

ಕ್ರೋಶಾ ಎಂದರೆ ಫ್ರೆಂಚಿನಲ್ಲಿ ಪುಟ್ಟ ಕೊಕ್ಕೆ. ಸ್ವೆಟರ್ ಹೆಣೆಯುವವರ ಕೈಯಲ್ಲಿ ಎರಡು ಕಡ್ಡಿ, ಕಡ್ಡಿಯ ಮೇಲೆ ಸಾಲುಗಟ್ಟಿದ ನೂರಾರು ಕುಣಿಕೆ. ಒಂದು ಜಾರಿದರೆ ಕೆಳಗಿನ ತನಕ ಏಣಿ ಬೀಳುತ್ತದೆ. ಕ್ರೋಶಾಕ್ಕೆ ಒಂದೇ ಕಡ್ಡಿ, ಅದರ ಮೂತಿಯಲ್ಲಿ ಕೊಕ್ಕೆ. ಒಂದು ಕುಣಿಕೆಯನ್ನು ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕಾದ್ದರಿಂದ ಬಹುತೇಕ ಎಲ್ಲ ಕಾಲಕ್ಕೂ ಬಿಡಿಯಾಗಿರುವುದು ಒಂದೇ ಕುಣಿಕೆ. ಮಧ್ಯೆ ಹಾಲು ಉಕ್ಕಿತೆಂದು ಓಡಿದರೂ ಹಾಳಾಗುವುದು ಆ ಒಂದೇ. ಹೆಣಿಗೆಯ ಯಂತ್ರಗಳು ದಿನಕ್ಕೆ ರಾಶಿ ರಾಶಿ ಬನಿಯನ್ ಬಟ್ಟೆ ಉದುರಿಸುತ್ತವೆ, ಕ್ರೋಶಾ ಮಾತ್ರ ಅವಕ್ಕೆ ಒಗ್ಗಿಲ್ಲ. ಸಿಕ್ಕ ಸಿಕ್ಕ ಕಡೆ ಕೊಕ್ಕೆ ತೂರಿಸಿ, ಹಿಂದಕ್ಕೆ ತಿರುಗಿ, ಸುತ್ತು ಹೊಡೆಯುವ ಈ ಓಡಾಟವನ್ನು ಯಂತ್ರಕ್ಕೆ ಕಲಿಸಿ ಮಾರುಕಟ್ಟೆಗೆ ತಂದವರಿಲ್ಲ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಯಂತ್ರದ 'ಕ್ರೋಶಾ ಲೇಸು' ನೋಟಕ್ಕೆ ಹಾಗೆ ಕಾಣುವ ಬೇರೆ ಬಗೆಯ ಹೆಣಿಗೆ. ನಿಜವಾದ ಕ್ರೋಶಾ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಅದರ ಹಿಂದೆ ಯಾರದೋ ಬೆನ್ನು, ಯಾರದೋ ಕಣ್ಣು ಇದೆ ಎಂದೇ ಅರ್ಥ.

ಈ ಕೆಲಸ ಯುರೋಪಿನಲ್ಲಿ ಹಬ್ಬಿದ್ದು 19ನೇ ಶತಮಾನದಲ್ಲಿ. 1840ರ ದಶಕದಿಂದ ಲಂಡನ್ನಿನಲ್ಲಿ ಎಲಿನಾರ್ ರಿಯೆಗೊ ಡಿ ಲಾ ಬ್ರಾಂಶಾರ್ಡಿಯೆರ್ ಎಂಬಾಕೆ (ಹೆಸರೇ ಒಂದು ಸಾಲು ಹೆಣಿಗೆಯಷ್ಟು ಉದ್ದ) ಸಾಲಾಗಿ ಮಾದರಿ ಪುಸ್ತಕಗಳನ್ನು ತಂದರು. ಅದೇ ಹೊತ್ತಿಗೆ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆಗೆ ರೋಗ ತಗುಲಿತು. ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ ಕಾನ್ವೆಂಟುಗಳು ಹೆಂಗಸರಿಗೂ ಮಕ್ಕಳಿಗೂ ಕ್ರೋಶಾ ಕಲಿಸಿ ಲೇಸು ಮಾರಿಸಿದವು. ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಅದನ್ನೇ ಶುರು ಮಾಡಿದರು. ಐರಿಷ್ ಹೆಂಗಸರು ದಪ್ಪ ಹುರಿಯನ್ನು ಒಳಗಿಟ್ಟು ಅದರ ಮೇಲೆ ಹೆಣೆದು ಗುಲಾಬಿಯ ದಳಗಳು ಬಟ್ಟೆಯಿಂದ ಎದ್ದು ನಿಲ್ಲುವಂತೆ ಮಾಡಿದರು. ಕಡ್ಡಿಗೆ ದಾರವನ್ನು ಹತ್ತಾರು ಸಲ ಸುತ್ತಿ ಎಳೆದು ಮಾಡುವ ಗಂಟಿಗೆ ಇಂದಿಗೂ ಆ ಊರಿನದೇ ಹೆಸರು, ಕ್ಲೋನ್ಸ್ ಗಂಟು. ಬೋಳು ಹೆಣಿಗೆಗೆ ಉಬ್ಬುತಗ್ಗು ಕೊಡುವ ಚಟ ನನ್ನ ಪಟ್ಟಿಯದ್ದಷ್ಟೇ ಅಲ್ಲ ಎಂದು ಹೇಳಲು ಇಷ್ಟು ದೂರ ಹೋಗಬೇಕಾಯಿತು.

ನಮ್ಮ ನೆರೆಯಲ್ಲೇ ನರಸಾಪುರವಿದೆ, ಆಂಧ್ರದ ಪಶ್ಚಿಮ ಗೋದಾವರಿಯಲ್ಲಿ. ಸ್ಕಾಟ್ಲೆಂಡಿನ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಅಲ್ಲಿನ ಹಳ್ಳಿಗಳಲ್ಲಿ ಮನೆಮನೆಯ ಕೆಲಸವಾಯಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಪುಸ್ತಕ ಬರೆದರು. ದಿನಕ್ಕೆ ಆರೆಂಟು ಗಂಟೆ ಹೆಣೆಯುವ ಹೆಂಗಸರನ್ನು ರಫ್ತು ವ್ಯಾಪಾರಿಗಳು ಕೆಲಸಗಾರರೆಂದೇ ಎಣಿಸುತ್ತಿರಲಿಲ್ಲ, 'ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುವುದು' ಎನ್ನುತ್ತಿದ್ದರು ಎಂಬುದೇ ಅದರ ತಿರುಳು. ಅದನ್ನು ಓದಿದ ಮೇಲೆ ಯಾರಾದರೂ 'ನಿಂಗೆ ಟೈಮ್ ಇದೆ ಬಿಡು' ಎಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ನನಗೆ ಕಲಿಸಿದ್ದು ದೊಡ್ಡಮ್ಮ. ರೇಡಿಯೋಕ್ಕೆ, ಆಮೇಲೆ ಟಿವಿಗೆ, ಮಿಕ್ಸಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಅಂಗಿ ತೊಡಿಸಿದವರು. ಅವರ ಬಾಯಲ್ಲಿ ಚೈನು, ಸಿಂಗಲ್, ಕಂಬ, ಇಷ್ಟೇ ಪಾಠ. ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋದರೆ ಚೈನು, ದಾರವನ್ನು ಕಡ್ಡಿಗೆ ಸುತ್ತದೆ ಹಾಕಿದರೆ ಗಿಡ್ಡ ಸಿಂಗಲ್, ಒಂದು ಸುತ್ತು ಸುತ್ತಿಕೊಂಡು ಹಾಕಿದರೆ ಎತ್ತರದ ಕಂಬ. 'ಮಾತಾಡ್ತಾ ಹಾಕ್ಬೇಡ ಕಣೇ, ಎಣಿಸ್ಕೊಂಡು ಹಾಕು' ಎನ್ನುತ್ತಿದ್ದರು, ತಾವು ಮಾತ್ರ ಇಡೀ ಬೀದಿಯ ಸುದ್ದಿ ಹೇಳುತ್ತಲೇ ಹಾಕುತ್ತಿದ್ದರು. ಅವರ ಕಂಬದ ಬೆಲೆ ಗೊತ್ತಾದದ್ದು ಇಂಗ್ಲಿಷ್ ಪುಸ್ತಕ ಹಿಡಿದಾಗ. ಅಮೆರಿಕದವರು ಸಿಂಗಲ್ ಎನ್ನುವುದನ್ನು ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಯಾವ ದೇಶದ ಪುಸ್ತಕ ಎಂದು ನೋಡದೆ ಶುರು ಮಾಡಿ, ಅಂಗೈಯಷ್ಟಾಗಬೇಕಿದ್ದ ಚೌಕವನ್ನು ಊಟದ ತಟ್ಟೆಯಷ್ಟು ಮಾಡಿದ್ದೇನೆ. ಕಂಬ ಎಲ್ಲಿ ಹೋದರೂ ಕಂಬವೇ.

ಈಗ ಪಟ್ಟಿಯ ವಿಷಯ. 4 ಮಿಲಿಮೀಟರಿನ ಕಡ್ಡಿ, ಸ್ವೆಟರ್ ಉಲ್ಲನ್ನಿನಷ್ಟು ದಪ್ಪದ ಹತ್ತಿ ದಾರ 30ರಿಂದ 40 ಗ್ರಾಂ, ಹಳೆಯ ಕೋಟಿನ ಒಂದು ಗುಂಡಿ, ಒಂದು ಬಳೆ. ದಾರ ಹತ್ತಿಯದೇ ಆಗಬೇಕು. ಅಂಗಡಿಯ ಅಕ್ರಿಲಿಕ್ ಉಲ್ಲನ್ ನೋಡಲು ಚೆಂದ, ಆದರೆ ನೀರು ಹೀರುವುದಿಲ್ಲ, ಬಿಸಿ ತಾಗಿದರೆ ಕರಗುತ್ತದೆ. ಒಲೆಯ ಹತ್ತಿರ ಅದನ್ನು ತರಲೇಬಾರದು.

ಬಳೆಯ ಸುತ್ತ ಸಿಂಗಲ್ ಹಾಕುತ್ತಾ ಹೋಗಬೇಕು, ಒತ್ತಾಗಿ, ಬಳೆಯ ಬಣ್ಣ ಎಲ್ಲೂ ಇಣುಕದಂತೆ. ಸುಮಾರು 45 ಹಿಡಿಯುತ್ತವೆ. ಆಮೇಲೆ ಅದರ ಮೇಲೇ 9 ಸಿಂಗಲ್ಲಿನ ಒಂದು ಸಾಲು ಹಾಕಿ, ಕೆಲಸವನ್ನು ತಿರುಗಿಸಿ ಹಿಂದಕ್ಕೆ. ಉಬ್ಬು ಬರುವುದು ಈ ಹಿಂದಿರುಗುವ ಸಾಲಿನಲ್ಲಿ. ಎರಡು ಸಿಂಗಲ್, ಒಂದು ಉಬ್ಬು, ಮೂರು ಸಿಂಗಲ್, ಮತ್ತೊಂದು ಉಬ್ಬು, ಎರಡು ಸಿಂಗಲ್. ಮುಂದಿನ ಸಾಲು ಬರೀ ಸಿಂಗಲ್. ಅದರ ಮುಂದಿನದರಲ್ಲಿ ನಾಲ್ಕು ಸಿಂಗಲ್, ನಟ್ಟನಡುವೆ ಒಂದು ಉಬ್ಬು, ನಾಲ್ಕು ಸಿಂಗಲ್. ಹೀಗೆ ಎರಡು, ಒಂದು, ಎರಡು, ಒಂದು ಎಂದು ಅರ್ಧ ಗೇಣಿನವರೆಗೆ.

ಉಬ್ಬು ಹುಟ್ಟುವುದನ್ನು ಹತ್ತಿರದಿಂದ ನೋಡಬೇಕು. ಕೆಳಸಾಲಿನ ಒಂದೇ ಕಣ್ಣಿನಲ್ಲಿ ಐದು ಕಂಬ ಎಬ್ಬಿಸುವುದು, ಆದರೆ ಒಂದನ್ನೂ ಪೂರ್ತಿ ಮುಗಿಸದೆ ಪ್ರತಿಯೊಂದರ ಕೊನೆಯ ಕುಣಿಕೆಯನ್ನು ಕಡ್ಡಿಯ ಮೇಲೇ ಉಳಿಸಿಕೊಳ್ಳುವುದು. ಐದಾದಾಗ ಕಡ್ಡಿಯ ಮೇಲೆ ಮೊದಲಿನದೂ ಸೇರಿ ಆರು ಕುಣಿಕೆ. ದಾರ ಸುತ್ತಿ ಆರರೊಳಗಿಂದಲೂ ಒಟ್ಟಿಗೆ ಎಳೆದರೆ ಐದು ಕಂಬದ ತಲೆ ಒಂದೇ ಗಂಟಿಗೆ ಬೀಳುತ್ತದೆ. ಬುಡವೂ ಒಂದೇ, ತಲೆಯೂ ಒಂದೇ. ಹೊಟ್ಟೆಗೆ ಬೇರೆ ಜಾಗವಿಲ್ಲ. ಪಕ್ಕದ ಸಿಂಗಲ್ಲುಗಳು ಗಿಡ್ಡ, ಇವು ಎತ್ತರ, ನೆಟ್ಟಗೆ ನಿಲ್ಲಲಾಗದೆ ಬಾಗುತ್ತವೆ. ಹೆಣೆಯುವವಳ ಕಡೆಗೆ ಬಾಗದೆ ಆಚೆಗೆ ಉಬ್ಬುತ್ತವೆ. ಅದಕ್ಕೇ ಹಿಂಬದಿಯ ಸಾಲಿನಲ್ಲಿ ಹಾಕುವುದು. ಮೊದಲ ಸಲ ಇದು ತಿಳಿಯದೆ, ಎಷ್ಟು ಹಾಕಿದರೂ ಉಬ್ಬೇ ಬರುತ್ತಿಲ್ಲವೆಂದು ಅರ್ಧ ಬಿಚ್ಚಿದ್ದೆ. ತಿರುಗಿಸಿ ನೋಡಿದರೆ ಎಲ್ಲವೂ ಆ ಕಡೆ ಮುಖ ಮಾಡಿಕೊಂಡು ಕೂತಿದ್ದವು.

ಉಬ್ಬು ಚೆಂದಕ್ಕಷ್ಟೇ ಎಂದುಕೊಂಡರೆ ತಪ್ಪು. ಪಟ್ಟಿಗೆ ದಪ್ಪ ಬರುತ್ತದೆ, ಅಂಚು ಸುರುಳುವುದಿಲ್ಲ, ಒಗ್ಗರಣೆಯ ಹನಿ ಬಿದ್ದರೂ ಬೋಳು ಬಟ್ಟೆಯಲ್ಲಿ ಕಂಡಷ್ಟು ಎದ್ದು ಕಾಣುವುದಿಲ್ಲ. ಹಾಗೆಂದು ಮೇಲಿನ ತನಕ ಉಬ್ಬು ಬೇಡ. ಗುಂಡಿ ಹಾಕುವ ಕಡೆ ಮಡಚಬೇಕಲ್ಲ. 9ರಿಂದ 6ಕ್ಕೆ ಇಳಿಸಿ, ಬರೀ ಸಿಂಗಲ್ಲಿನಲ್ಲಿ ಒಂದು ಗೇಣು ಎಳೆದು, ತುದಿಯ ಹತ್ತಿರ ಎರಡು ಸಿಂಗಲ್, ಎರಡು ಚೈನು, ನಡುವಿನ ಎರಡು ಕಣ್ಣು ಬಿಟ್ಟು ಮತ್ತೆರಡು ಸಿಂಗಲ್ ಹಾಕಿದರೆ ಗುಂಡಿಯ ಕಾಜು. ಅದರ ಮೇಲೆ ಇನ್ನೆರಡು ಸಾಲು ಹಾಕಿ, ಕೆಳಭಾಗಕ್ಕೆ ಗುಂಡಿ ಹೊಲಿದರೆ ಮುಗಿಯಿತು. ಬೇಗ ಮುಗಿಯಲೆಂದು ಈ ಮೇಲ್ಭಾಗವನ್ನು ಒಮ್ಮೆ ಕಂಬದಲ್ಲಿ ಹಾಕಿದ್ದೆ. ಒದ್ದೆ ಬಟ್ಟೆಯ ಭಾರಕ್ಕೆ ದಿನ ದಿನವೂ ಇಳಿದು, ತಿಂಗಳಾಗುವುದರೊಳಗೆ ಟವೆಲ್ಲು ನೆಲ ಒರೆಸುತ್ತಿತ್ತು. ಸಿಂಗಲ್ ಅಷ್ಟು ಜಗ್ಗುವುದಿಲ್ಲ.

ಅರಿಶಿನದ ಕಲೆ ಆಗಿಯೇ ಆಗುತ್ತದೆ. ಸೋಪು ಹಚ್ಚಿದೊಡನೆ ಕೆಂಪಾದರೆ ಗಾಬರಿ ಬೇಡ, ಅದು ಕ್ಷಾರಕ್ಕೆ ಅರಿಶಿನ ತಿರುಗುವ ಬಣ್ಣ. ಒಗೆದು ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಹಾಕಿದರೆ ಬೆಳಕಿಗೇ ಮಾಸುತ್ತದೆ. ಉಬ್ಬುಗಳ ಒಳಗೆ ನೀರು ನಿಲ್ಲುವುದರಿಂದ ಮಳೆಗಾಲದಲ್ಲಿ ಒಂದನ್ನೇ ನೆಚ್ಚಿಕೊಳ್ಳಲಾಗದು, ಎರಡು ಮಾಡಿಟ್ಟುಕೊಳ್ಳಬೇಕು.

ಹಾಗೆ ಎರಡನೆಯದಕ್ಕೆಂದು ಬಳೆ ಅಂಗಡಿಗೆ ಹೋಗಿದ್ದೆ. ಗಾಜಿನದು ಆಗದು, ಪ್ಲಾಸ್ಟಿಕ್ಕೋ ಲೋಹದ್ದೋ ಬೇಕು. ಅಳತೆ 'ಎರಡು ಎಂಟು', ಅಂದರೆ ಎರಡೂವರೆ ಇಂಚು ಅಗಲ. ಪಾಣಿಪಂಚೆ ಸಲೀಸಾಗಿ ದಾಟುತ್ತದೆ, ದಪ್ಪ ಟರ್ಕಿ ಟವೆಲ್ಲಾದರೆ ಸಿಕ್ಕಿಕೊಳ್ಳುತ್ತದೆ. ಒಂದೇ ಒಂದು ಸಾಕು ಎಂದಾಗ ಅಂಗಡಿಯಾತ ನನ್ನ ಮುಂಗೈ ನೋಡಿ, 'ನಿಮ್ಗೆ ಎರಡು ಆರೇ ಸಾಕಲ್ಲಮ್ಮ, ಎರಡು ಎಂಟು ಯಾರಿಗೆ?' ಎಂದ. ಟವೆಲ್ಲಿಗೆ ಎಂದೆ. ಒಂದು ಕ್ಷಣ ಸುಮ್ಮನಿದ್ದು, ಮೇಜಿನ ಕೆಳಗಿನಿಂದ ಜೋಡಿ ತಪ್ಪಿದ ಬಳೆಗಳ ಬಿಸ್ಕತ್ತಿನ ಡಬ್ಬಿಯನ್ನು ತೆಗೆದು ಮುಂದಿಟ್ಟ.