ಘಾನಾಕ್ಕೆ ಮರಳಿದವರು: ಬಂಡವಾಳ, ಭೂಮಿ, ಪೌರತ್ವ

ಗುಲಾಮರಾಗಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಲ್ಪಟ್ಟ ಆಫ್ರಿಕನ್ನರ ವಂಶಸ್ಥರು ಪೂರ್ವಜರ ನೆಲಕ್ಕೆ ಮರಳಲು ಕಾನೂನಿನಲ್ಲಿಯೇ ಅವಕಾಶ ಕಲ್ಪಿಸಿದ ದೇಶಗಳಲ್ಲಿ ಪಶ್ಚಿಮ ಆಫ್ರಿಕಾದ ಘಾನಾ ಪ್ರಮುಖವಾದುದು. ಅಲ್ಲಿನ 2000ನೇ ಇಸವಿಯ ವಲಸೆ ಕಾಯ್ದೆಯು ‘ವಾಸದ ಹಕ್ಕು’ ಎಂಬ ವ್ಯವಸ್ಥೆಯನ್ನು ರೂಪಿಸಿದ್ದು, ಅದನ್ನು ಪಡೆದವರು ಕಾಲಮಿತಿಯಿಲ್ಲದೆ ನೆಲೆಸಬಹುದು ಮತ್ತು ಪ್ರತ್ಯೇಕ ಪರವಾನಗಿಯಿಲ್ಲದೆ ದುಡಿಯಬಹುದು. ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾಕ್ಕೆ 1619ರಲ್ಲಿ ಆಫ್ರಿಕನ್ ಬಂದಿಗಳನ್ನು ತಂದಿಳಿಸಿ 400 ವರ್ಷ ತುಂಬಿದ 2019ನ್ನು ಘಾನಾ ‘ಮರಳಿ ಬರುವ ವರ್ಷ’ವೆಂದು ಆಚರಿಸಿದ ಮೇಲೆ, ರಾಜಧಾನಿ ಅಕ್ರಾದಲ್ಲಿ ಉದ್ಯಮ ಆರಂಭಿಸುವ ಆಫ್ರಿಕನ್-ಅಮೆರಿಕನ್ನರ ಆಸಕ್ತಿ ಇನ್ನಷ್ಟು ಗಟ್ಟಿಯಾಯಿತು.

ಆದರೆ ನೆಲೆಸುವ ಹಕ್ಕು ದೊರೆತ ಮಾತ್ರಕ್ಕೆ ವ್ಯಾಪಾರದ ಹಾದಿ ಪೂರ್ತಿ ತೆರೆಯುವುದಿಲ್ಲ. 2013ರ ಹೂಡಿಕೆ ಕಾಯ್ದೆಯು ಪೌರರಲ್ಲದವರು ಘಾನಾದ ಪಾಲುದಾರರೊಡನೆ ಉದ್ಯಮ ಹೂಡಲು ಕನಿಷ್ಠ 2 ಲಕ್ಷ, ಸಂಪೂರ್ಣ ಸ್ವಂತ ಒಡೆತನದಲ್ಲಿ ಹೂಡಲು 5 ಲಕ್ಷ, ಸರಕು ಕೊಂಡು ಮಾರುವ ವ್ಯಾಪಾರಕ್ಕೆ 10 ಲಕ್ಷ ಅಮೆರಿಕನ್ ಡಾಲರ್ ಬಂಡವಾಳವನ್ನು ನಿಗದಿಪಡಿಸಿತು. ತಯಾರಿಕೆ ಮತ್ತು ರಫ್ತಿಗಾಗಿಯೇ ಸ್ಥಾಪಿಸಿದ ಉದ್ಯಮಗಳಿಗೆ ಈ ಮಿತಿಯಿಂದ ವಿನಾಯಿತಿ ನೀಡಿದ ಅದೇ ಕಾಯ್ದೆ, ಸಂತೆಯ ಚಿಲ್ಲರೆ ಮಾರಾಟ, ಕ್ಷೌರದಂಗಡಿ, ಬ್ಯೂಟಿ ಪಾರ್ಲರ್, ಪೊಟ್ಟಣದ ಕುಡಿಯುವ ನೀರಿನ ತಯಾರಿಕೆ ಮುಂತಾದವನ್ನು ಪೌರರಿಗೇ ಮೀಸಲಿಟ್ಟಿತು. ಅಲ್ಪ ಉಳಿತಾಯದೊಂದಿಗೆ ಬರುವವರಿಗೆ ಈ ನಿರ್ಬಂಧ ಕಠಿಣವೆನಿಸಿದರೂ, ಡಾಲರಿನ ಬಲದೆದುರು ಸ್ಥಳೀಯ ಸಣ್ಣ ವ್ಯಾಪಾರಿಗಳ ಅನ್ನವನ್ನು ಉಳಿಸುವ ಅದರ ಉದ್ದೇಶ ನ್ಯಾಯವಾದುದೇ.

ಭೂಮಿಯ ವಿಷಯ ಮತ್ತಷ್ಟು ಸೂಕ್ಷ್ಮವಾದುದು. ಘಾನಾದ ಬಹುಪಾಲು ನೆಲ ಸಮುದಾಯ ಮತ್ತು ಕುಟುಂಬಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಮುಖ್ಯಸ್ಥನ ಅಧಿಕಾರದ ಚಿಹ್ನೆಯಾದ ಕೆತ್ತನೆಯ ಮರದ ಪೀಠಕ್ಕೆ ಸೇರಿದ್ದೆಂದು ಭಾವಿಸುವ ‘ಪೀಠಭೂಮಿ’ಗೆ ಆತ ಮಾಲೀಕನಲ್ಲ, ಸಮುದಾಯದ ಪರವಾಗಿ ಧರ್ಮದರ್ಶಿ ಮಾತ್ರ. ಮುಖ್ಯಸ್ಥನೊಬ್ಬನ ಮಾತನ್ನಷ್ಟೇ ನಂಬಿ ಹಣ ಕೊಟ್ಟವರು, ಅದೇ ನಿವೇಶನ ಮತ್ತೊಬ್ಬರಿಗೂ ಮಾರಾಟವಾಗಿರುವುದನ್ನು ಕಂಡು ವ್ಯಾಜ್ಯಕ್ಕೆ ಸಿಲುಕುವ ಸಂಭವವಿರುವುದರಿಂದ, ಭೂ ಆಯೋಗದ ದಾಖಲೆಗಳ ಪರಿಶೀಲನೆ ಅನಿವಾರ್ಯ. ಇದರ ಜೊತೆಗೆ, 1992ರ ಸಂವಿಧಾನದ ಪ್ರಕಾರ ಪೌರರಲ್ಲದವರಿಗೆ ಒಮ್ಮೆಗೆ 50 ವರ್ಷ ಮೀರಿದ ಗುತ್ತಿಗೆ ಸಿಗುವುದಿಲ್ಲ.

ಹೀಗಾಗಿ ವಾಸದ ಹಕ್ಕಿಗೂ ಪೌರತ್ವಕ್ಕೂ ನಡುವಿನ ಅಂತರವೇ ಉದ್ಯಮದ ಗಾತ್ರ ಮತ್ತು ಸ್ವರೂಪವನ್ನು ನಿರ್ಧರಿಸುತ್ತದೆ. 2019ರ ನವೆಂಬರಿನಲ್ಲಿ ಅಧ್ಯಕ್ಷ ನಾನಾ ಅಕುಫೊ-ಅಡೊ 126 ಮಂದಿಗೆ ಪೌರತ್ವ ನೀಡಿದ್ದು ಈ ಕಾರಣದಿಂದಲೂ ಮಹತ್ವದ ಹೆಜ್ಜೆ. ಶತಮಾನಗಳ ಹಿಂದೆ ಬಲವಂತವಾಗಿ ಕಡಿದುಹೋದ ಬಾಂಧವ್ಯವನ್ನು ಬೆಸೆಯಲು ಸ್ವಾಗತ ಸಮಾರಂಭಗಳಷ್ಟೇ ಸಾಲವು. ಮರಳಿದವರಿಗೆ ಪೌರತ್ವದ ಸ್ಪಷ್ಟ ಮಾರ್ಗವೂ, ಅವರ ಉದ್ಯಮಗಳ ಲಾಭದಲ್ಲಿ ಸ್ಥಳೀಯರಿಗೆ ನ್ಯಾಯವಾದ ಪಾಲೂ ದೊರೆಯಬೇಕು.