ಮೂರು ಸಾವಿರ ವರ್ಷಗಳ ಹಿಂದಿನ ಬರ

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬರಗಾಲವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 1972ರ ಬರವನ್ನು ಕಂಡುಂಡ ಹಿರಿಯರು ನಮ್ಮ ನಡುವೆ ಇಂದಿಗೂ ಇದ್ದಾರೆ. ಆದರೆ ಭೀಮೆಯ ಮಕ್ಕಳು ಮುಗಿಲು ನೋಡಿ ನಿಟ್ಟುಸಿರಿಟ್ಟುದು ಆಗಲೇ ಮೊದಲಲ್ಲ. ಈ ಕಣಿವೆಯಲ್ಲಿ ಅಕ್ಷರವೇ ಇಲ್ಲದಿದ್ದ ಕಾಲದಲ್ಲಿ ಒಂದು ಊರು ಕೊರತೆಯೊಡನೆ ಬಹುಕಾಲ ಹೆಣಗಿ, ಕೊನೆಗೆ ಬರಿದಾಯಿತು.

ಆ ನೆಲೆಯೇ ಪುಣೆ ಜಿಲ್ಲೆಯ ಇನಾಮಗಾಂವ. ಅದು ಘೋಡ ನದಿಯ ದಂಡೆಯಲ್ಲಿದೆ. ಘೋಡ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಪಂಢರಪುರವನ್ನು ಹಾಯ್ದು ಅಕ್ಕಲಕೋಟೆ ತಾಲೂಕಿನ ಗಡಿಗೆ ಬರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ, ಎಂ. ಕೆ. ಧವಳೀಕರ, ಝಡ್. ಡಿ. ಅನ್ಸಾರಿ ಮೊದಲಾದ ವಿದ್ವಾಂಸರು 1968ರಿಂದ 1983ರವರೆಗೆ ಅಲ್ಲಿ ಉತ್ಖನನ ನಡೆಸಿದರು.

ಸುಮಾರು ಕ್ರಿ. ಪೂ. 1600ರಲ್ಲಿ ಅಲ್ಲಿ ನೆಲೆಸಿದ ತಾಮ್ರಶಿಲಾಯುಗದ ಜನರು ಚೌಕಾಕಾರದ ಮನೆಗಳನ್ನು ಕಟ್ಟಿದರು, ಜವೆಗೋದಿ ಬೆಳೆದರು, ದನಕರುಗಳನ್ನು ಸಾಕಿದರು. ಮುಂದೆ ಅವರ ಪೀಳಿಗೆಯವರು ಹೊಳೆಯ ನೀರನ್ನು ತಿರುಗಿಸಲು ಕಾಲುವೆ ತೋಡಿ ಒಡ್ಡು ಹಾಕಿದರು. ಕಾಳು ಕೂಡಿಡಲು ಅವರಲ್ಲಿ ನಮ್ಮ ಹಗೇವುಗಳನ್ನು ನೆನಪಿಸುವ ಕುಣಿಗಳಿದ್ದವು.

ಕ್ರಿ. ಪೂ. 1000ರ ಸುಮಾರಿಗೆ ಈ ಚಿತ್ರ ಬದಲಾಗುತ್ತದೆ. ಚೌಕದ ಮನೆಗಳ ಸ್ಥಾನದಲ್ಲಿ ದುಂಡನೆಯ ಸಣ್ಣ ಗುಡಿಸಲುಗಳು ಕಾಣುತ್ತವೆ. ಬೇಸಾಯ ಕುಗ್ಗಿತು, ಬೇಟೆಯೂ ಕುರಿ-ಆಡುಗಳ ಸಾಕಣೆಯೂ ಹೆಚ್ಚಿದವು. ಕ್ರಿ. ಪೂ. 700ರ ಹೊತ್ತಿಗೆ ಜನರು ಊರನ್ನೇ ತೊರೆದರು. ಮಳೆ ಕ್ಷೀಣಿಸಿ ಹವೆ ಒಣಗಿದುದೇ ಇದಕ್ಕೆ ಕಾರಣವೆಂದು ಧವಳೀಕರರು ಪ್ರತಿಪಾದಿಸಿದರು.

ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಅಲ್ಲಿ ದೊರೆತ ಮಕ್ಕಳ ಅಸ್ಥಿಗಳನ್ನು ಪರೀಕ್ಷಿಸಿದ ಅಮೆರಿಕದ ವಿದುಷಿ ಗ್ವೆನ್ ರಾಬಿನ್ಸ್ ಶುಗ್ ಅವರು 2011ರ ತಮ್ಮ ಗ್ರಂಥದಲ್ಲಿ, ಕೊನೆಯ ಕಾಲದ ಮಕ್ಕಳ ಬೆಳವಣಿಗೆ ಕುಂಠಿತವಾಗಿದ್ದುದನ್ನು ತೋರಿಸಿದರು. ಆದರೆ ಹವೆಯೊಂದನ್ನೇ ದೂರದೆ, ಮೊದಲೇ ಮಳೆ ಕಡಿಮೆಯಾದ ನೆಲದಲ್ಲಿ ಜನರು ನಡೆಸಿದ ಬೇಸಾಯದ ರೀತಿಯನ್ನೂ ವಿಚಾರಿಸಬೇಕೆಂದರು. ಕಾರಣ ಯಾವುದೇ ಇರಲಿ, ಹೊಲದಲ್ಲಿ ಕಂಡ ಕೊರತೆಗೆ ಮೊದಲು ತುತ್ತಾದವರು ಕೂಸುಗಳು ಎಂಬುದನ್ನು ತಾಯಂದಿರು ಗಮನಿಸಬೇಕು.

ನಮ್ಮ ನೆಲವೂ ಅದೇ ಮಳೆನೆರಳಿನ ಸೀಮೆ. ಇದನ್ನರಿತ ಹಿರಿಯರು ಎರೆಮಣ್ಣಿನ ಹಸಿಯನ್ನೇ ನಂಬಿ ಹಿಂಗಾರಿ ಜೋಳ ಬೆಳೆದರು. ಮಂಗಳವೇಢೆಯ ಜೋಳ ಅದರಿಂದಲೇ ಹೆಸರಾಯಿತು. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. 1980ರಲ್ಲಿ ಭೀಮೆಗೆ ಉಜನಿಯ ಆಣೆಕಟ್ಟು ಬಂದಿತು. ಇಂದು ಜಿಲ್ಲೆಯ ತುಂಬ ಕಬ್ಬಿದೆ, ಸಕ್ಕರೆ ಕಾರಖಾನೆಗಳಿವೆ. ಆದರೂ ಬೇಸಿಗೆಯಲ್ಲಿ ಎಷ್ಟೋ ಹಳ್ಳಿಗಳು ಟ್ಯಾಂಕರಿನ ದಾರಿ ಕಾಯುತ್ತವೆ.

ಇನಾಮಗಾಂವದವರಿಗೂ ಕಾಲುವೆಯಿತ್ತು, ಒಡ್ಡಿತ್ತು. ಅವೆರಡರಿಂದಲೇ ಊರು ಉಳಿಯಲಿಲ್ಲ. ಆಣೆಕಟ್ಟು ಎಷ್ಟೇ ದೊಡ್ಡದಿರಲಿ, ಈ ನೆಲ ತಾಳುವಷ್ಟೇ ಬೆಳೆಯನ್ನು ಅದರಿಂದ ಬೇಡುವುದು ನಮ್ಮ ಕೈಯಲ್ಲಿದೆ. ಮುಂದಿನ ಹಂಗಾಮಿಗೆ ಯಾವ ಬೀಜ ಬಿತ್ತಬೇಕೆಂದು ಮನೆಯಲ್ಲಿ ಮಾತು ಬಂದಾಗ, ಭೀಮೆಯ ಮಡಿಲಿನ ಈ ಹಳೆಯ ಊರನ್ನೂ ಒಮ್ಮೆ ನೆನೆಯೋಣ.